ಖೋ ಕೊಡೋದು ಆಟಗಾರರ ಕೆಲಸ

ಜುಲೈ ಕೊನೆಗೆ ಇಲ್ಲಿ ಇಂಗ್ಲೆಂಡಿನಲ್ಲಿ ಶಾಲೆಗಳಿಗೆ ರಜೆ. ನಮ್ಮಲ್ಲಿ ಎಷ್ಟೋ ಮನೆಯವರು ಕಾರವಾರ, ಕುಮಟಾ, ಶಿರಸಿ ಕಡೆ ಹೊರಡುತ್ತಾರೆ. ಅಲ್ಲಿ ಆಗ ಜಿಟಿಜಿಟಿ ಮಳೆ, ಜೊತೆಗೆ ವಲಯ ಮಟ್ಟದ ಕ್ರೀಡಾಕೂಟದ ಗಡಿಬಿಡಿ. ಅಣ್ಣನ ಮಗಳು ಖೋ ಖೋ ಟೀಮಿನಲ್ಲಿದ್ದಾಳೆ ಅಂದರೆ ನಾವೂ ಕೊಡೆ ಹಿಡಿದು ಮೈದಾನಕ್ಕೆ ಹೋಗುವವರೇ. ಹೋಗಲೇಬೇಕು. ಹೋದ ಮೇಲೆ ನಮ್ಮ ಬಾಯಿ ಹೇಗಿರಬೇಕು ಅನ್ನೋದಷ್ಟೇ ಈ ಸಲದ ಮಾತು.

ಇಲ್ಲಿ ಮಕ್ಕಳ ಫುಟ್‌ಬಾಲ್ ನೋಡುವವರಿಗೆ ಇದು ಹೊಸದಲ್ಲ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್, ಒಂದು ಶನಿವಾರ-ಭಾನುವಾರ ಗೆರೆಯಾಚೆ ನಿಂತು ಕೂಗಬೇಡಿ, ಚಪ್ಪಾಳೆ ಸಾಕು ಎಂದಿತ್ತು. ಗೊಣಗಿದವರು ನಮ್ಮಲ್ಲೂ ಇದ್ದರು.

ಆದರೆ ನಮ್ಮೂರ ಆಟಗಳಿಗೆ ಇದು ಇನ್ನೂ ಜಾಸ್ತಿ ಬೇಕು. ಖೋ ಖೋದಲ್ಲಿ ಕೂತ ಹುಡುಗಿ ಬೆನ್ನ ಹಿಂದಿನಿಂದ ‘ಖೋ’ ಕೇಳಿದ ಮೇಲೇ ಏಳಬೇಕು. ಮೊದಲೇ ಎದ್ದರೆ ಫೌಲ್. ಆಗ ಹೊರಗಿನಿಂದ ಅಪ್ಪ “ಏಳೇ, ಏಳೇ!” ಅಂತ ಕಿರುಚಿದರೆ ಆ ಮಗು ಯಾರ ಮಾತು ಕೇಳಬೇಕು? ಕಬಡ್ಡಿಯಲ್ಲೂ ಅಷ್ಟೇ. ರೇಡ್‌ಗೆ, ಅಂದರೆ ಎದುರಾಳಿಗಳ ಅಂಕಣಕ್ಕೆ, ಹೋದವನು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಅನ್ನುತ್ತಿರಬೇಕು, ಅದು ಅಂಪೈರ್ ಕಿವಿಗೆ ಬೀಳಬೇಕು. ಸುತ್ತಲೂ ಗದ್ದಲವಿದ್ದರೆ ಏನು ಕೇಳಿಸೀತು? ಶಿರಸಿಯಲ್ಲಿ ಒಬ್ಬ ಹುಡುಗನನ್ನು ನೋಡಿದೆ. ದಾಟಿದರೆ ಹೆಚ್ಚುವರಿ ಪಾಯಿಂಟ್ ಸಿಗುವ ಬೋನಸ್ ಗೆರೆಯ ಹತ್ತಿರ ಕಾಲು ಚಾಚಿದ್ದ. “ವಾಪಸ್ ಬಾರೋ!” ಅಂತ ಅಪ್ಪನ ದನಿ ಬಂತು. ಅವನು ಅತ್ತ ತಿರುಗಿದ. ಅಷ್ಟು ಸಾಕಾಯಿತು, ಮೂಲೆಯಲ್ಲಿ ನಿಂತಿದ್ದ ಎದುರಾಳಿ ಪಾದ ಹಿಡಿದು ಎಳೆದೇ ಬಿಟ್ಟ. ಕೆಸರಲ್ಲಿ ಬಿದ್ದ ಹುಡುಗ ಮೊದಲು ನೋಡಿದ್ದು ಅಂಪೈರನ್ನಲ್ಲ, ಅಪ್ಪನ ಮುಖವನ್ನು.

ಅಂಪೈರ್ ಅಂದರೂ ಯಾರು? ಅಕ್ಕಪಕ್ಕದ ಶಾಲೆಗಳ ಪಿ.ಟಿ. ಮಾಸ್ತರುಗಳೇ. ಬೆಳಿಗ್ಗೆ ತಾವೇ ಸುಣ್ಣದ ಪುಡಿ ಹಾಕಿ ಗೆರೆ ಎಳೆದಿರುತ್ತಾರೆ, ಹತ್ತು ಗಂಟೆಗೆ ಮಳೆ ಬಂದು ಅರ್ಧ ಅಳಿಸಿರುತ್ತದೆ. ಬೆರಳು ಗೆರೆ ದಾಟಿತೋ ಇಲ್ಲವೋ ದೇವರಿಗೇ ಗೊತ್ತು. ಅವರ ಮೇಲೆ “ನಿಮ್ಮ ಶಾಲೆ ಅಂತ ಪಾಯಿಂಟ್ ಕೊಟ್ರಿ” ಅಂತ ಏರಿ ಹೋಗುವುದು, ಅದನ್ನು ಮೊಬೈಲಿನಲ್ಲಿ ಹಿಡಿದು ಗ್ರೂಪಿಗೆ ಹಾಕುವುದು ನಾಚಿಕೆಗೇಡು. ತಕರಾರು ಇದ್ದರೆ ಟೀಮಿನ ಮಾಸ್ತರು ಮಾತಾಡುತ್ತಾರೆ.

ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಹೊನಲು ಬೆಳಕಿನ ಕಬಡ್ಡಿ ಹೊಡೆದಾಟದಲ್ಲಿ ಮುಗಿದದ್ದು ನಮ್ಮ ಕಡೆಯವರಿಗೆ ಗೊತ್ತಿದೆ, ಅಲ್ವಾ? ಆದರೆ ಅದು ದೊಡ್ಡವರ ಆಟ.

ಇನ್ನೊಂದು, ಸೋತ ಮಗುವನ್ನು ಬೈಕ್ ಹಿಂದೆ ಕೂರಿಸಿಕೊಂಡು ಮನೆ ಮುಟ್ಟುವ ತನಕ ತಪ್ಪು ಎಣಿಸಬೇಡಿ. ಸುಮ್ನೆ ಒಂದು ಮಿರ್ಚಿ ಭಜಿ ಕೊಡಿಸಿ.

ಸೆಪ್ಟೆಂಬರ್‌ನಲ್ಲಿ ಇಲ್ಲಿ ನಮ್ಮ ಬಳಗದ ಮಕ್ಕಳ ಕಬಡ್ಡಿಯೂ ಇದೆ. ಅಂಕಣದ ಸುತ್ತ ಹಗ್ಗ ಕಟ್ಟುತ್ತೇವೆ, ಪಾಲಕರು ಅದರಾಚೆ. ಗೆರೆ ನೋಡಲು ಜನ ಸಾಲದು. ಅಂಪೈರ್ ತೀರ್ಪಿನ ಬಗ್ಗೆ ಭಾರಿ ಅಭಿಪ್ರಾಯ ಇರುವವರು ದಯವಿಟ್ಟು ಮೊದಲು ಹೆಸರು ಕೊಡಿ. ಸೀಟಿ ನಾವೇ ಕೊಡುತ್ತೇವೆ.