ಕೋಣೆ ಬಿಟ್ಟ ಮೇಲೆ ಬರುವ ದೂರುಗಳು

ಮಾನ್ಯ ಸಂಪಾದಕರೇ,

ಹೋಂಸ್ಟೇಗಳಲ್ಲಿ ಪ್ರವಾಸಿಗರಿಗೆ ಆಗುವ ತೊಂದರೆಗಳನ್ನು ಕುರಿತು ಓದುಗರ ಪತ್ರಗಳು ಆಗಾಗ ಪ್ರಕಟವಾಗುತ್ತಿರುತ್ತವೆ. ಅವುಗಳಲ್ಲಿ ಬಹುಪಾಲು ನ್ಯಾಯವಾದವೇ. ಫೋಟೊದಲ್ಲಿ ಒಂದು ಕೋಣೆ ತೋರಿಸಿ ಇನ್ನೊಂದನ್ನು ಕೊಡುವವರು, ಮುಂಗಡ ಪಡೆದು ಫೋನ್ ಎತ್ತದವರು ನಮ್ಮ ವೃತ್ತಿಯಲ್ಲೂ ಇದ್ದಾರೆ, ಅವರ ಪರವಾಗಿ ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ರಾತ್ರಿ ತಂಗಿ, ಬೆಳಿಗ್ಗೆ ತಿಂಡಿ ತಿಂದು, ಕೈಮುಗಿದು ಹೊರಟವರು ಸಂಜೆಯ ಹೊತ್ತಿಗೆ ಪೂರ್ತಿ ಹಣ ವಾಪಸ್ ಕೊಡಿ, ಇಲ್ಲವಾದರೆ ಒಂದು ಸ್ಟಾರ್ ಹಾಕುತ್ತೇವೆ ಎಂದು ಸಂದೇಶ ಕಳಿಸುವ ಪರಿಪಾಠವೊಂದು ಈಚೆಗೆ ಬೆಳೆದಿದ್ದು, ಅದರ ಬಗ್ಗೆ ಯಾರೂ ಬರೆದಂತಿಲ್ಲ. ಲಕ್ಕುಂಡಿಯಲ್ಲಿ ನಮ್ಮ ಹಿರಿಯರ ಮನೆಯ ಕೆಲವು ಕೋಣೆಗಳನ್ನು ದುರಸ್ತಿ ಮಾಡಿಸಿ ಹೋಂಸ್ಟೇ ನಡೆಸುತ್ತಿರುವ ನಾನು ಆ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ನಮ್ಮ ಊರು ಗದಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಮೇಲಿದೆ. ಕಾಶಿವಿಶ್ವೇಶ್ವರ ಗುಡಿ, ಅತ್ತಿಮಬ್ಬೆಯ ಬ್ರಹ್ಮಜಿನಾಲಯ, ಮುಸ್ಕಿನ ಬಾವಿ ಇವುಗಳನ್ನು ನೋಡಿ, ಒಂದು ರಾತ್ರಿ ಇದ್ದು, ಮರುದಿನ ಹಂಪಿಗೆ ಹೋಗುವವರೇ ಹೆಚ್ಚು. ಒಂದೇ ರಾತ್ರಿಯ ಗಿರಾಕಿಯ ಹಣವನ್ನು ಪೂರ್ತಿ ಹಿಂದಿರುಗಿಸಿದರೆ ಮಾಲೀಕನಿಗೆ ಹೋಗುವುದು ಲಾಭ ಮಾತ್ರವಲ್ಲ. ಕಸ ಗುಡಿಸುವ ಅಕ್ಕನ ಕೂಲಿ, ಹಾಸಿಗೆ ಬಟ್ಟೆ ಒಗೆದ ಖರ್ಚು, ಬೆಳಗಿನ ಉಪ್ಪಿಟ್ಟು ಚಹಾದ ಸಾಮಾನು, ಇವೆಲ್ಲ ಅಷ್ಟರಲ್ಲಿ ಖರ್ಚಾಗಿಯೇ ಇರುತ್ತವೆ. ಇಷ್ಟಾದರೂ ನಮ್ಮಂಥವರು ಹೆದರುವುದು ಹಣಕ್ಕಿಂತ ಹೆಚ್ಚಾಗಿ ರೇಟಿಂಗಿಗೆ. ಒಂಬತ್ತು ಜನ ಐದೈದು ಸ್ಟಾರ್ ಕೊಟ್ಟಿರುವ ಮನೆಗೆ ಹತ್ತನೆಯವರು ಒಂದೇ ಸ್ಟಾರ್ ಕೊಟ್ಟರೆ ಸರಾಸರಿ 4.6ಕ್ಕೆ ಇಳಿಯುತ್ತದೆ, ಐನೂರು ಜನರ ಅಭಿಪ್ರಾಯವಿರುವ ದೊಡ್ಡ ಹೋಟೆಲಿನ ಲೆಕ್ಕದಲ್ಲಿ ಅದೇ ಒಂದು ಸ್ಟಾರ್ ಕಣ್ಣಿಗೂ ಬೀಳುವುದಿಲ್ಲ. ಬೆದರಿಕೆ ಸಣ್ಣವರ ಮೇಲೆಯೇ ಫಲಿಸುವುದಕ್ಕೆ ಕಾರಣ ಇಷ್ಟೇ.

ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಳೆದ ಚಳಿಗಾಲದಲ್ಲಿ ಬಂದಿದ್ದ ಒಂದು ಕುಟುಂಬ, ಹೊರಟು ಎಷ್ಟೋ ಹೊತ್ತಾದ ಮೇಲೆ, ಕಲೆಯಾದ ಟವೆಲೊಂದರ ಫೋಟೊ ಕಳಿಸಿ, ಇಂಥ ಕೊಳಕು ಬಟ್ಟೆ ಕೊಟ್ಟಿರುವುದರಿಂದ ಮಕ್ಕಳಿಗೆ ತುರಿಕೆ ಹತ್ತಿದೆ, 3,600 ರೂಪಾಯಿ ಪೂರ್ತಿ ಮರಳಿಸಬೇಕು ಎಂದು ಕೇಳಿತು. ನಮ್ಮ ಮನೆಯ ಟವೆಲು, ಚಾದರ, ತಲೆದಿಂಬಿನ ಚೀಲ ಎಲ್ಲಕ್ಕೂ ಬಟ್ಟೆ ಒಗೆಯುವವರು ಬೇರೆ ಮನೆಯವುಗಳೊಂದಿಗೆ ಬೆರೆಯದಿರಲೆಂದು ಮೂಲೆಯಲ್ಲಿ ಕೆಂಪು ದಾರದಿಂದ ಎರಡು ಹೊಲಿಗೆ ಹಾಕಿರುತ್ತಾರೆ. ಫೋಟೊದಲ್ಲಿ ಟವೆಲಿನ ನಾಲ್ಕೂ ಮೂಲೆಗಳು ಕಾಣುತ್ತಿದ್ದವು, ದಾರ ಮಾತ್ರ ಎಲ್ಲೂ ಇರಲಿಲ್ಲ. ನಮ್ಮ ಟವೆಲುಗಳ ಫೋಟೊ ತೆಗೆದು, ಹೊಲಿಗೆಯ ಗುರುತು ತೋರಿಸಿ, ಒಂದೂ ಬಿರುಸಾದ ಮಾತಿಲ್ಲದೆ ಉತ್ತರ ಬರೆದೆ. ಅವರಿಂದ ಮರುಮಾತು ಬರಲಿಲ್ಲ. ಆದರೆ ಬುಕಿಂಗ್ ತಾಣದವರು ನನ್ನ ಉತ್ತರ ತಲುಪುವ ಮೊದಲೇ ಅರ್ಧ ಹಣವನ್ನು ‘ಸೌಜನ್ಯಕ್ಕಾಗಿ’ ಅವರಿಗೆ ಕೊಟ್ಟು, ನನಗೆ ಬರಬೇಕಾದ ಮುಂದಿನ ಪಾವತಿಯಲ್ಲಿ ಅದನ್ನು ಮುರಿದುಕೊಂಡಿದ್ದರು. ಸೌಜನ್ಯ ಅವರದು, ಹಣ ನನ್ನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಎಲ್ಲ ದೂರುಗಳೂ ಹೀಗೆ ಕಪಟದಿಂದ ಹುಟ್ಟಿದವಲ್ಲ ಎಂಬುದನ್ನೂ ಹೇಳಬೇಕು. ಹಲವು ದೂರುಗಳಿಗೆ ಮೂಲ ನಿರೀಕ್ಷೆಯ ತಪ್ಪು. ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಆ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್‌ಸರ್ ಮಾನ್ಯತೆಯೂ ದೊರೆತಿದೆ. ಅದನ್ನು ಓದಿಕೊಂಡು ಏಪ್ರಿಲ್ ಕೊನೆಯಲ್ಲಿ ಬಂದ ಒಬ್ಬರು ಒಂದು ಹಕ್ಕಿಯೂ ಕಾಣಲಿಲ್ಲವೆಂದು ಕೋಣೆಯ ಬಾಡಿಗೆ ವಾಪಸ್ ಕೇಳಿದರು. ಚಳಿಗಾಲ ಮುಗಿದೊಡನೆ ಹೊರಟುಹೋಗುವ ಹಕ್ಕಿಯನ್ನು ನಾನು ಹಿಡಿದು ಕೂರಿಸುವುದು ಹೇಗೆ? ಬೋರ್‌ವೆಲ್ ನೀರು ಸವಳು, ಸೋಪು ನೊರೆ ಬರುವುದಿಲ್ಲ ಎಂಬುದು ಇನ್ನೊಂದು. ಇದು ನಿಜ, ನಮ್ಮ ಭಾಗದ ಬಹಳ ಊರುಗಳ ನೀರು ಹಾಗೆಯೇ ಇದೆ. ಹೆದ್ದಾರಿಯ ಲಾರಿಗಳ ಸದ್ದು, ಜಾತ್ರೆಯ ದಿನಗಳ ಮೈಕು, ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಫ್ಯಾನು ತಿರುಗಿ ಗೀಸರ್ ಮಾತ್ರ ನಡೆಯದಿರುವುದು, ಇವೂ ನಿಜವೇ. ಇಂಥವನ್ನು ಬುಕಿಂಗ್ ಮಾಡುವ ಪುಟದಲ್ಲಿಯೇ, ಚಂದದ ಫೋಟೊಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಅಲ್ಲ, ಮೊದಲ ಸಾಲುಗಳಲ್ಲಿ ಬರೆದಿಡುವುದು ಮಾಲೀಕನ ಕರ್ತವ್ಯವೆಂದು ನಾನು ತಿಳಿದಿದ್ದೇನೆ. ಹಾಗೆ ಬರೆದರೆ ಬುಕಿಂಗ್ ಕಡಿಮೆಯಾಗುತ್ತದೆ ಎಂದು ವೃತ್ತಿಬಾಂಧವರು ಹೇಳುತ್ತಾರೆ. ಸ್ವಲ್ಪ ಕಡಿಮೆಯಾಗುವುದೂ ಹೌದು. ಕಡಿಮೆಯಾಗುವವರು ಬಂದಿದ್ದರೆ ದೂರು ಕೊಡುತ್ತಿದ್ದವರೇ ಆದುದರಿಂದ ನಷ್ಟವೇನೂ ಇಲ್ಲ.

ಕಾನೂನು ಕೂಡ ಈ ಮಾತಿಗೇ ಒತ್ತು ಕೊಡುತ್ತದೆ. ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸೇವೆಯಲ್ಲಿ ನ್ಯೂನತೆಯಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಸೇವೆ ಇಲ್ಲದಿದ್ದರೆ ಮಾರುವವನು ಹಣ ಮರಳಿಸಲು ನಿರಾಕರಿಸುವಂತಿಲ್ಲ. ಏಸಿ ಇದೆ ಎಂದು ಬರೆದು ಏಸಿ ಇಲ್ಲದ ಕೋಣೆ ಕೊಟ್ಟವನು ಗಿರಾಕಿ ಕೇಳುವ ಮೊದಲೇ ಹಣ ಕೊಡಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ಏಸಿ ಇಲ್ಲವೆಂದು ಸ್ಪಷ್ಟವಾಗಿ ಬರೆದಿರುವಲ್ಲಿ ಸೆಕೆಯ ಹೆಸರಿನಲ್ಲಿ ರಿಫಂಡ್ ಕೇಳುವವರಿಗೆ ಇದೇ ನಿಯಮ ಬೆಂಬಲ ಕೊಡುವುದಿಲ್ಲ ಎಂಬುದನ್ನು ಮಾತ್ರ ಮಾಲೀಕರು ತಿಳಿದಿರಬೇಕು. ‘ಕನ್ಸ್ಯೂಮರ್ ಕೋರ್ಟಿಗೆ ಎಳೆಯುತ್ತೇವೆ’ ಎಂಬ ಮಾತಿಗೆ ಹೆದರಿ ಹಣ ಕೊಟ್ಟವರನ್ನು ನಾನು ಬಲ್ಲೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಹೂಡಬಹುದು, ಆದ್ದರಿಂದ ಗದಗದವರು ಬೆಂಗಳೂರಿನಲ್ಲಿ ಉತ್ತರಿಸಬೇಕಾಗಿ ಬರಬಹುದು. ಗ್ರಾಹಕರ ದೃಷ್ಟಿಯಿಂದ ಅದು ಸರಿಯಾದ ಏರ್ಪಾಡು, ಮತ್ತು ವಿಡಿಯೊ ಮೂಲಕ ವಿಚಾರಣೆಗೂ ಕಾಯ್ದೆಯಲ್ಲಿ ಅವಕಾಶವಿದೆ. ನೋಟಿಸು ನಿಜವಾಗಿಯೂ ಬಂದರೆ ಲಿಖಿತ ಉತ್ತರ ಸಲ್ಲಿಸಲು ಇರುವುದು 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. ಅದಕ್ಕೂ ಮೀರಿದರೆ ಉತ್ತರವನ್ನು ಸ್ವೀಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಸುಳ್ಳು ದೂರು ತಾನಾಗಿಯೇ ಬಿದ್ದುಹೋಗುತ್ತದೆಂದು ಸುಮ್ಮನೆ ಕೂರುವವರು ಈ ಗಡುವನ್ನು ನೆನಪಿಡುವುದು ಒಳ್ಳೆಯದು. ಹಳೆಯ 1986ರ ಕಾಯ್ದೆಯ 26ನೇ ಕಲಮಿನಲ್ಲಿ, ಹುರುಳಿಲ್ಲದ ದೂರು ತಂದವರು ಎದುರುದಾರರಿಗೆ 10,000 ರೂಪಾಯಿಯವರೆಗೆ ವೆಚ್ಚ ತುಂಬಿಕೊಡುವಂತೆ ಆದೇಶಿಸಲು ಅವಕಾಶವಿತ್ತು. ಹೊಸ ಕಾಯ್ದೆಯಲ್ಲಿ ಅಂಥ ಕಲಮು ಉಳಿದಿಲ್ಲ. ಅದನ್ನು ಕೈಬಿಟ್ಟಿದ್ದು ಸಣ್ಣ ಉದ್ಯಮಿಗಳಿಗೆ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಆದರೆ ನಮ್ಮ ವ್ಯಾಜ್ಯಗಳಲ್ಲಿ ಆಯೋಗದ ಮೆಟ್ಟಿಲು ಹತ್ತುವವು ತೀರ ವಿರಳ. ತೀರ್ಮಾನವಾಗುವುದು ಬುಕಿಂಗ್ ತಾಣದ ಸಹಾಯವಾಣಿಯಲ್ಲಿ, ಅದೂ ಒಂದೇ ಕಡೆಯ ಮಾತು ಕೇಳಿ. ಆದ್ದರಿಂದ ನನ್ನ ಮುಖ್ಯ ಆಗ್ರಹ ಅವರಿಗೇ ಸಲ್ಲುತ್ತದೆ. ಬಿಸಿನೀರು ಬರದಿದ್ದರೆ, ಚಾದರ ಕೊಳೆಯಾಗಿದ್ದರೆ, ಕೋಣೆಯಲ್ಲಿ ಇರುವಾಗಲೇ ಹೇಳಿದರೆ ಹತ್ತು ನಿಮಿಷದಲ್ಲಿ ಸರಿಪಡಿಸಬಹುದು; ಆಗದಿದ್ದರೆ ಕೋಣೆ ಬದಲಿಸಬಹುದು, ಅದೂ ಆಗದಿದ್ದರೆ ಹಣ ಕೊಟ್ಟು ಗದಗದಲ್ಲಿ ಬೇರೆ ವಸತಿ ನೋಡಿಕೊಡಬಹುದು. ಮೋಟರು ಸುಟ್ಟು ರಾತ್ರಿಯಿಡೀ ನೀರಿಲ್ಲದಂತಾದಾಗ ಎಲ್ಲ ಕೋಣೆಗಳ ಬಾಡಿಗೆಯನ್ನೂ ನಾನಾಗಿಯೇ ಬಿಟ್ಟುಕೊಟ್ಟಿದ್ದೇನೆ, ಅಂದು ತಂಗಿದ್ದವರು ಮತ್ತೆ ಬಂದಿದ್ದಾರೆ ಕೂಡ. ಚೆಕ್‌ಔಟ್ ಆದ ಮೇಲೆ ಮೊದಲ ಬಾರಿಗೆ ಹೇಳಿದ ದೂರನ್ನು ಸರಿಪಡಿಸುವ ದಾರಿಯೇ ಇರುವುದಿಲ್ಲ, ಉಳಿಯುವುದು ಹಣದ ಮಾತೊಂದೇ. ಆದುದರಿಂದ ವಾಸ್ತವ್ಯದ ಅವಧಿಯಲ್ಲಿ ತಾಣದ ಸಂದೇಶ ಪೆಟ್ಟಿಗೆಯಲ್ಲಾಗಲಿ, ಮಾಲೀಕನ ಫೋನಿಗಾಗಲಿ ತಿಳಿಸದ ದೂರಿಗೆ, ಮಾಲೀಕನ ಉತ್ತರ ಬರುವವರೆಗೆ, ಹಣ ಕಡಿತ ಮಾಡಬಾರದು. ತಿಗಣೆ ಕಚ್ಚಿದ ಗುರುತು, ಆಹಾರದಿಂದಾದ ಹೊಟ್ಟೆನೋವು ತಡವಾಗಿ ಕಾಣುವಂಥವು. ಅವುಗಳಿಗೆ, ಮತ್ತು ಮಹಿಳೆಯರ ಸುರಕ್ಷತೆಗೆ ಸಂಬಂಧಿಸಿದ ಯಾವುದೇ ದೂರಿಗೆ ಈ ನಿರ್ಬಂಧ ಇರಕೂಡದು. ಹಣ ಕೊಡದಿದ್ದರೆ ಕೆಟ್ಟದಾಗಿ ಬರೆಯುತ್ತೇವೆಂಬ ಸಂದೇಶದ ಸ್ಕ್ರೀನ್‌ಶಾಟನ್ನು ಮಾಲೀಕ ಕಳಿಸಿದಲ್ಲಿ ಆ ರಿವ್ಯೂ ತೆಗೆದುಹಾಕಬೇಕು. ಆನ್‌ಲೈನ್ ರಿವ್ಯೂಗಳನ್ನು ಹೇಗೆ ಸಂಗ್ರಹಿಸಿ, ಪರಿಶೀಲಿಸಿ, ಪ್ರಕಟಿಸಬೇಕೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲಿಯೇ ಐಎಸ್ 19000 ಎಂಬ ಮಾನಕ ಹೊರಡಿಸಿದೆ. ಅದನ್ನು ಸ್ವಯಂಪ್ರೇರಿತವೆಂದು ಬಿಟ್ಟಿದ್ದರಿಂದ ಅದರ ಫಲ ನಮ್ಮವರೆಗೆ ಬಂದಿಲ್ಲ.

ವೃತ್ತಿಬಾಂಧವರಿಗೂ ಒಂದು ವಿನಂತಿ. ಅನ್ಯಾಯದ ಬೇಡಿಕೆಗೆ ‘ಹೋಗಲಿ ಬಿಡು, ಪೀಡೆ ಕಳೆಯಲಿ’ ಎಂದು ಹಣ ಕೊಡಬೇಡಿ. ಕೊಟ್ಟದ್ದೇ ತಪ್ಪೊಪ್ಪಿಗೆ ಎಂದು ಮುಂದೆ ಎಣಿಕೆಯಾಗುತ್ತದೆ, ಕೊಡುವ ಮನೆಯ ಸುದ್ದಿ ಬೇಗ ಹಬ್ಬುತ್ತದೆ. ರಾತ್ರಿ ಸಿಟ್ಟಿನಲ್ಲಿ ಫೋನಿನಲ್ಲಿ ಜಗಳಕ್ಕೆ ನಿಲ್ಲದೆ, ಬೆಳಿಗ್ಗೆ ಲಿಖಿತವಾಗಿ ಮೂರು ನಾಲ್ಕು ಸಾಲಿನಲ್ಲಿ ಉತ್ತರಿಸಿ. ಸಾರ್ವಜನಿಕ ರಿವ್ಯೂ ಕೆಳಗೆ ಬರೆಯುವ ಉತ್ತರ ಆ ಗಿರಾಕಿಗಲ್ಲ, ಮುಂದೆ ಓದುವವರಿಗೆ ಎಂಬುದು ತಿಳಿದಿರಲಿ. ಎಷ್ಟೇ ಕೋಪ ಬಂದರೂ ಗಿರಾಕಿಯ ಆಧಾರ್ ಪ್ರತಿಯನ್ನೋ ಫೋನ್ ನಂಬರನ್ನೋ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯಬಿಡಬೇಡಿ. ನಮ್ಮ ಜಿಲ್ಲೆಯಲ್ಲೇ ಅಂಥದ್ದನ್ನು ಕಂಡು ನನಗೆ ನಾಚಿಕೆಯಾಗಿದೆ.

ಕೊನೆಯದಾಗಿ, ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೆ. ಹೋಂಸ್ಟೇಗಳಿಗೆ ನೋಂದಣಿ ಕೊಡುವ ಇಲಾಖೆ, ದೂರು ಬಂದಾಗ ಸ್ಥಳಕ್ಕೆ ಬಂದು ಕೋಣೆ ನೋಡಿ ಒಂದು ಪುಟದ ವರದಿ ಕೊಡುವ ವ್ಯವಸ್ಥೆ ಮಾಡಿದರೆ, ಮೋಸ ಮಾಡುವ ಮಾಲೀಕನ ನೋಂದಣಿ ರದ್ದು ಮಾಡಿಸಲು ಪ್ರವಾಸಿಗರಿಗೂ, ಸುಳ್ಳು ದೂರನ್ನು ತಳ್ಳಿಹಾಕಿಸಲು ನಮಗೂ ಅದೇ ಕಾಗದ ಸಾಕಾಗುತ್ತದೆ. ನವೆಂಬರಿನಲ್ಲಿ ಪ್ರವಾಸಿಗರು ಹೆಚ್ಚಾಗುವ ಮೊದಲು ಗದಗ, ಲಕ್ಕುಂಡಿ, ಲಕ್ಷ್ಮೇಶ್ವರ ಭಾಗದ ಮಾಲೀಕರನ್ನೂ ಬುಕಿಂಗ್ ತಾಣಗಳ ಪ್ರತಿನಿಧಿಗಳನ್ನೂ ಒಂದು ದಿನ ಕೂರಿಸಿ ಇದನ್ನು ಇತ್ಯರ್ಥ ಮಾಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಹೋಂಸ್ಟೇ ಮಾಲೀಕ, ಲಕ್ಕುಂಡಿ, ಗದಗ ಜಿಲ್ಲೆ
(ಹೆಸರು ಮತ್ತು ವಿಳಾಸವನ್ನು ಪ್ರತ್ಯೇಕವಾಗಿ ಲಗತ್ತಿಸಿದೆ)