ಲ್ಯಾಬಿನ ಪ್ರಶ್ನೆ ಪುಸ್ತಕದ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಹೋದ ತಿಂಗಳು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ನನ್ನ ಕೋಣೆಗೆ ಬಂದಿದ್ದರು. ಸ್ವಲ್ಪ ಸಿಟ್ಟಿನಲ್ಲೇ ಇದ್ದರು. "ಮೇಡಂ, ಮಗಳು ಕಂಪ್ಯೂಟರ್ ಲ್ಯಾಬಲ್ಲಿ ಡೌಟ್ ಕೇಳಿದ್ರೆ ಸರ್ ಉತ್ತರ ಹೇಳಲ್ವಂತೆ. ಮೊದಲು ಬರ್ಕೊಂಡು ಬಾ ಅಂತ ವಾಪಸ್ ಕಳಿಸ್ತಾರಂತೆ. ಇದ್ಯಾವ ಸೀಮೆ ಪಾಠ?" ಅಂದರು. ಅವರ ಸಿಟ್ಟು ನ್ಯಾಯವಾದದ್ದೇ. ಮನೆಯವರಿಗೆ ಒಂದು ಮಾತೂ ಹೇಳದೆ ಈ ಪದ್ಧತಿ ಶುರು ಮಾಡಿದ್ದು ನಮ್ಮ ತಪ್ಪು. ಅದಕ್ಕೇ ಈ ಪತ್ರ.

ನಮ್ಮ ಲ್ಯಾಬಿನ ಯಂತ್ರಗಳನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ (ಯಂತ್ರದ ಮೂಲ ತಂತ್ರಾಂಶ) ಉಬುಂಟು 22.04. ಬರೆಯುವುದಕ್ಕೆ ಲಿಬ್ರೆಆಫೀಸ್, ಪ್ರೋಗ್ರಾಮಿಂಗ್‌ಗೆ ಪೈಥಾನ್. ಎಲ್ಲವೂ ಓಪನ್ ಸೋರ್ಸ್. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹಂಚಬಹುದು, ಒಳಗಿನ ಕೋಡ್ ತೆರೆದು ನೋಡಬಹುದು. ಆದರೆ ಪುಕ್ಕಟೆ ಬಳಸುವ ನಮ್ಮಂಥವರಿಗೆ ಫೋನ್ ಮಾಡಿ ದಬಾಯಿಸಲು ಕಸ್ಟಮರ್ ಕೇರ್ ಇಲ್ಲ. (ದುಡ್ಡು ಕೊಟ್ಟರೆ ಸಹಾಯ ಮಾಡುವ ಕಂಪನಿಗಳಿವೆ, ಆ ಮಾತು ಬೇರೆ.) ನಮಗೆ ಸಹಾಯ ಸಿಗುವುದು ಅದೇ ತಂತ್ರಾಂಶ ಬಳಸುವ ಇನ್ನೊಬ್ಬರಿಂದ. ಅವರು ಹುಬ್ಬಳ್ಳಿಯಲ್ಲಿ ಇರಬಹುದು, ಬ್ರೆಜಿಲ್‌ನಲ್ಲಿ ಇರಬಹುದು. ಹೆಚ್ಚಿನವರು ಸಂಬಳವಿಲ್ಲದೆ, ರಾತ್ರಿ ಊಟವಾದ ಮೇಲೆ ಸಿಕ್ಕ ಅರ್ಧ ಗಂಟೆಯಲ್ಲಿ ಉತ್ತರ ಬರೆಯುವವರು.

ಅಂಥವರಿಗೆ "ವರ್ಕ್ ಆಗ್ತಿಲ್ಲ, ಪ್ಲೀಸ್ ಹೆಲ್ಪ್" ಅಂತ ಕಳಿಸಿದರೆ ಏನು ಮಾಡಿಯಾರು? ತೋಟದ ಮೋಟಾರ್ ಕೆಟ್ಟಾಗ ರಿಪೇರಿಯವನಿಗೆ ಫೋನ್ ಮಾಡಿ "ನೀರು ಬರ್ತಿಲ್ಲ" ಅನ್ನಿ, ನೋಡೋಣ. ಅವನು ಹೊರಡುವ ಮೊದಲೇ ಕೇಳುತ್ತಾನೆ. ಮೋಟಾರ್ ತಿರುಗ್ತಿದೆಯಾ? ಮೂರೂ ಫೇಸ್ ಇದೆಯಾ? ಸ್ಟಾರ್ಟರ್ ಟ್ರಿಪ್ ಆಯ್ತಾ? ನಿನ್ನೆ ಬರ್ತಿತ್ತಾ? ಇವಕ್ಕೆ ಉತ್ತರ ಗೊತ್ತಿದ್ದರೆ ಎಷ್ಟೋ ಸಲ ಅವನು ಬರುವ ಅಗತ್ಯವೇ ಇರುವುದಿಲ್ಲ. ಲ್ಯಾಬಿನಲ್ಲಿ ನಾವು ಇಟ್ಟಿರುವ ಪ್ರಶ್ನೆ ಪುಸ್ತಕ ಇದಕ್ಕೇ. ಏನು ಮಾಡಲು ಹೊರಟೆ, ಏನೇನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಪರದೆ ಮೇಲೆ ಬಂದ ಎರರ್ ಮೆಸೇಜ್ ಒಂದಕ್ಷರ ಬಿಡದೆ. ಇಷ್ಟು ಬರೆದ ಮೇಲೆ ಸರ್ ಹತ್ತಿರ ಬರಬೇಕು.

ಆ ತಾಯಿಯ ಮಗಳ ಕಥೆಯನ್ನೇ ಹೇಳುತ್ತೇನೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಪೈಥಾನ್ ಜೊತೆಗೆ ಟರ್ಟಲ್ ಅಂತ ಒಂದು ಸಲಕರಣೆ ಬರುತ್ತದೆ. ಪರದೆ ಮೇಲೆ ಒಂದು ಆಮೆ ಓಡಾಡಿ ಗೆರೆ ಎಳೆಯುತ್ತದೆ. ಇವಳಿಗೆ ಅದರಲ್ಲಿ ಎಂಟು ಎಸಳಿನ ರಂಗೋಲಿ ಹಾಕುವ ಆಸೆ. ಕೋಡ್ ಬರೆದಳು. ರಂಗೋಲಿ ಬರಲಿಲ್ಲ, ನಾಲ್ಕೈದು ಸಾಲು ಬೈಗುಳ ಬಂತು. ಅಳಿಸಿ ಮತ್ತೆ ಬರೆದಳು. ಅದೇ ಬೈಗುಳ. ಪಕ್ಕದವಳ ಯಂತ್ರದಲ್ಲಿ ಅದೇ ಕೋಡ್ ಸಲೀಸಾಗಿ ಓಡಿತು! ಎರಡು ದಿನ ಹೀಗೇ ಹೋಯಿತು. ಮೂರನೇ ದಿನ ಪರದೆಯ ಅರ್ಧ ಮಾತ್ರ ಕಾಣುವ ಒಂದು ಫೋಟೋ ಹಿಡಿದು ಸರ್ ಹತ್ತಿರ ಹೋದಳು. ಅವರು ಪುಸ್ತಕ ಮುಂದೆ ಇಟ್ಟರು. ಮುಖ ಊದಿಸಿಕೊಂಡೇ ಬರೆಯಲು ಕೂತಳು. "ನಾನು ಟರ್ಟಲ್.ಪಿವೈ ಅಂತ ಹೆಸರು ಕೊಟ್ಟು ಫೈಲ್ ಸೇವ್ ಮಾಡಿದೆ. ಮೊದಲ ಸಾಲಿನಲ್ಲಿ ಇಂಪೋರ್ಟ್ ಟರ್ಟಲ್ ಅಂತ ಬರೆದೆ."

ಅಲ್ಲಿಗೆ ಪೆನ್ನು ನಿಂತಿತು.

ನಡೆದದ್ದು ಇಷ್ಟೇ. (ಪಿವೈ ಅನ್ನುವುದು ಪೈಥಾನ್ ಫೈಲಿನ ಹೆಸರಿನ ಕೊನೆಗೆ ಬರುವ ಗುರುತು.) "ಟರ್ಟಲ್ ತಗೊಂಡು ಬಾ" ಅಂದರೆ ಪೈಥಾನ್ ಮೊದಲು ಹುಡುಕುವುದು ನಮ್ಮ ಪ್ರೋಗ್ರಾಮ್ ಇರುವ ಫೋಲ್ಡರ್‌ನಲ್ಲೇ. ಅಲ್ಲಿ ಅವಳದೇ ಫೈಲ್ ಅದೇ ಹೆಸರಿಟ್ಟುಕೊಂಡು ಕೂತಿತ್ತು. ಪೈಥಾನ್ ಅದನ್ನೇ ಎತ್ತಿಕೊಂಡಿತು. ಅದರೊಳಗೆ ಆಮೆ ಎಲ್ಲಿಂದ ಬರಬೇಕು? ಎರರ್ ಮೆಸೇಜ್‌ನ ಕೊನೆಯ ಸಾಲು ತನ್ನ ಭಾಷೆಯಲ್ಲಿ ಇದನ್ನೇ ಹೇಳುತ್ತಿತ್ತು, ಎಡವಿದ ಫೈಲಿನ ಹೆಸರೂ ಅದರ ಮೇಲೇ ಇತ್ತು. ಅವಳು ಫೈಲಿನ ಹೆಸರನ್ನು ರಂಗೋಲಿ.ಪಿವೈ ಅಂತ ಬದಲಿಸಿದಳು. ರಂಗೋಲಿ ಬಂತು. ಸರ್ ಬಾಯಿಯೇ ಬಿಟ್ಟಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.13 ಆಗಿದ್ದರೆ "ಈ ಹೆಸರು ಬದಲಿಸಿ ನೋಡು" ಅಂತ ತಾನೇ ಸೂಚಿಸುತ್ತಿತ್ತು. ನಮ್ಮಲ್ಲಿರುವುದು 3.10. ಪ್ರಶ್ನೆಯ ಜೊತೆ ಆವೃತ್ತಿಯನ್ನೂ ಬರೆಯಿರಿ ಅಂತ ಮಕ್ಕಳಿಗೆ ಹೇಳುವುದು ಇದಕ್ಕೇ.

ಪರದೆಯ ಫೋಟೋ ಬೇಡ, ಕೋಡನ್ನೇ ಕೊಡಿ ಅಂತ ಮಕ್ಕಳಿಗೆ ಹೇಳುವುದಕ್ಕೂ ಕಾರಣವಿದೆ. ಒಬ್ಬ ಹುಡುಗ ಮನೆಯಲ್ಲಿ ಲಿಬ್ರೆಆಫೀಸ್ ರೈಟರ್‌ನಲ್ಲಿ ಕೋಡ್ ಟೈಪ್ ಮಾಡಿಕೊಂಡು ಬಂದ. ಅಕ್ಷರ ಚಂದ ಕಾಣುತ್ತದಂತೆ. ರೈಟರ್ ತನ್ನ ಒಳ್ಳೆಯತನಕ್ಕೆ ನೇರ ಉದ್ಧರಣ ಚಿಹ್ನೆಗಳನ್ನೆಲ್ಲಾ ಬಾಗಿದ ಚಿಹ್ನೆ ಮಾಡಿಬಿಟ್ಟಿತ್ತು. ಪೈಥಾನ್‌ಗೆ ಬಾಗಿದ್ದು ಆಗಿಬರುವುದಿಲ್ಲ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕೋಡನ್ನೇ ಕಾಪಿ ಮಾಡಿ ಕಳಿಸಿದರೆ ಸಹಾಯ ಮಾಡುವವರು ತಮ್ಮ ಯಂತ್ರದಲ್ಲಿ ಓಡಿಸಿ ನೋಡಬಹುದು, ಆಗ ತಪ್ಪು ತಾನಾಗಿ ಸಿಗುತ್ತದೆ.

ಮಕ್ಕಳದ್ದೇ ಹೇಳಿ ನನ್ನದು ಮುಚ್ಚಿಡುವುದು ಸರಿಯಲ್ಲ. ಎರಡು ವರ್ಷದ ಹಿಂದೆ ನನ್ನ ಲ್ಯಾಪ್‌ಟಾಪಿನಲ್ಲಿ ಕನ್ನಡ ಅಕ್ಷರಗಳ ಬದಲು ಬರೀ ಚೌಕ ಚೌಕ ಬರತೊಡಗಿತು. ಎಲ್ಲೋ ಸಿಕ್ಕಿದ, ಹಳೇ ಆವೃತ್ತಿಗೆ ಬರೆದಿದ್ದ ಆರು ಸಾಲಿನ ಕಮಾಂಡನ್ನು ಓದದೆ ಅಂಟಿಸಿ ಎಂಟರ್ ಒತ್ತಿದೆ. ಪಾಸ್‌ವರ್ಡ್ ಕೇಳಿತು, ಅದನ್ನೂ ಕೊಟ್ಟೆ. ಮರುದಿನ ಲ್ಯಾಪ್‌ಟಾಪ್ ಕಪ್ಪು ಪರದೆ ಹೊದ್ದು ಮಲಗಿತ್ತು, ಒಳಗೆ ಅರ್ಧವಾರ್ಷಿಕ ಪ್ರಶ್ನೆಪತ್ರಿಕೆ. ಆಮೇಲೆ ತಿಳಿಯಿತು, ಬೇಕಿದ್ದದ್ದು ಒಂದು ಕನ್ನಡ ಫಾಂಟ್ ಅಷ್ಟೇ. ಗುಬ್ಬಿ, ನವಿಲು ಅಂತ ಚಂದದ ಹೆಸರಿನ ಫಾಂಟ್‌ಗಳು ಉಬುಂಟುವಿನ ಸ್ವಂತ ಭಂಡಾರದಲ್ಲೇ ಇವೆ. ಅವತ್ತಿನಿಂದ ಲ್ಯಾಬಿನಲ್ಲಿ ಒಂದು ನಿಯಮ. ಒಂದು ಕಮಾಂಡ್ ಏನು ಮಾಡುತ್ತದೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳಲು ಬಾರದಿದ್ದರೆ ಎಂಟರ್ ಒತ್ತುವಂತಿಲ್ಲ. ಸುಡೊ ಅಂತ ಶುರುವಾಗುವ ಸಾಲಾದರೆ ಇನ್ನೂ ಹುಷಾರು, ಯಾಕೆಂದರೆ ಅದು ಯಂತ್ರದ ಬೀಗದ ಕೈಯನ್ನೇ ಕೊಟ್ಟ ಹಾಗೆ. ಹೊಸಬರನ್ನು ನೋಡಿ ತಮಾಷೆಗೆ ಎಲ್ಲ ಅಳಿಸಿಹಾಕುವ ಕಮಾಂಡ್ ಹೇಳಿಕೊಡುವ ಕಿಡಿಗೇಡಿಗಳೂ ಇದ್ದಾರೆ.

"ನಮ್ಮ ಮಕ್ಕಳಿಗೆ ಇಂಗ್ಲಿಷ್ ಬರಲ್ಲ, ಹೊರಗಿನವರನ್ನು ಹೇಗೆ ಕೇಳ್ತಾರೆ?" ಅಂತ ತುಂಬಾ ಜನ ಕೇಳಿದ್ದೀರಿ. 1991ರ ಜುಲೈ 3ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿಯೊಬ್ಬ ಮಿನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಬಳಸುವವರ ಆನ್‌ಲೈನ್ ಗುಂಪಿಗೆ ಒಂದು ಪುಟ್ಟ ಪ್ರಶ್ನೆ ಹಾಕಿದ. ಮಿನಿಕ್ಸ್‌ನಲ್ಲಿ ಒಂದು ಕೆಲಸ ಮಾಡುತ್ತಿದ್ದೇನೆ, ಅದಕ್ಕೆ ಪಾಸಿಕ್ಸ್ (ಆಪರೇಟಿಂಗ್ ಸಿಸ್ಟಮ್‌ಗಳು ಹೇಗೆ ಕೆಲಸ ಮಾಡಬೇಕು ಅನ್ನುವ) ನಿಯಮಾವಳಿ ಬೇಕು, ಕಂಪ್ಯೂಟರ್‌ನಲ್ಲಿ ಓದುವ ರೂಪದಲ್ಲಿದ್ದರೆ ಒಳ್ಳೆಯದು, ಎಲ್ಲಿ ಸಿಗುತ್ತದೆ ಅಂತ. ಅಷ್ಟೇ. ಯಾಕೆ ಬೇಕು, ಏನು ಬೇಕು, ಯಾವ ರೂಪದಲ್ಲಿ ಬೇಕು, ಮೂರೂ ಎರಡು ವಾಕ್ಯದಲ್ಲಿ. ಆ ಹುಡುಗ ಲೀನಸ್ ಟೊರ್ವಾಲ್ಡ್ಸ್. ಅವನ ಮನೆಮಾತು ಸ್ವೀಡಿಷ್, ಇಂಗ್ಲಿಷ್ ಅಲ್ಲ. ಅವನ ಆ ಕೆಲಸ ಹೊಸದೊಂದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾಗಿ ಬೆಳೆಯಿತು. ಅದನ್ನು ಇಡಲು ಸರ್ವರ್‌ನಲ್ಲಿ ಜಾಗ ಕೊಟ್ಟ ಅರಿ ಲೆಮ್ಕೆ ಆ ಫೋಲ್ಡರ್‌ಗೆ ಲಿನಕ್ಸ್ ಅಂತ ಹೆಸರಿಟ್ಟರು. ಲೀನಸ್ ಮನಸ್ಸಿನಲ್ಲಿ ಇದ್ದ ಹೆಸರು ಫ್ರೀಕ್ಸ್! ನಮ್ಮ ಲ್ಯಾಬಿನ ಉಬುಂಟುವಿನ ಅಡಿಪಾಯ ಅದೇ ಲಿನಕ್ಸ್.

ಹಾಗಾಗಿ ಮಕ್ಕಳು ಮೊದಲು ಕನ್ನಡದಲ್ಲೇ ಬರೆಯಲಿ. ಎರರ್ ಮೆಸೇಜ್ ಹೇಗೂ ಇಂಗ್ಲಿಷ್‌ನಲ್ಲೇ ಇರುತ್ತದೆ. ಉಳಿದ ನಾಲ್ಕು ಸಾಲನ್ನು ಇಂಗ್ಲಿಷ್ ಟೀಚರ್ ಜೊತೆ ಕೂತು ಮಾಡಿಕೊಳ್ಳಬಹುದು. ವ್ಯಾಕರಣ ತಪ್ಪಿದರೆ ಪರವಾಗಿಲ್ಲ, ವಿವರ ತಪ್ಪಬಾರದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ. ಲಿನಕ್ಸ್, ಲಿಬ್ರೆಆಫೀಸ್ ಪಾಠಗಳನ್ನು ಇಳಿಸಿ ಇಟ್ಟಿದ್ದೇವೆ. ಪೆನ್‌ಡ್ರೈವ್ ತಂದರೆ ಹಾಕಿಕೊಡುತ್ತೇವೆ.

ಎಐ ಚಾಟ್‌ಬಾಟ್ ಕೇಳಬಹುದಾ ಅನ್ನುವುದು ಇನ್ನೊಂದು ಪ್ರಶ್ನೆ. ನಾನು ಬೇಡ ಅನ್ನುವುದಿಲ್ಲ. ಆದರೆ ಪುಸ್ತಕದಲ್ಲಿ ಬರೆದ ಮೇಲೆ, ಅದೂ "ಈ ಎರರ್ ಅರ್ಥ ಏನು" ಅಂತ ಕೇಳಲಿ. "ಕೋಡ್ ಬರೆದು ಕೊಡು" ಅಂತ ಬೇಡ. ತಪ್ಪು ಉತ್ತರವನ್ನೂ ಅದು ಅಷ್ಟೇ ಠೀವಿಯಿಂದ ಹೇಳುತ್ತದೆ. ತಪ್ಪು ಅಂತ ಹಿಡಿಯಬೇಕಾದರೆ ಮಗುವಿಗೆ ಸ್ವಲ್ಪವಾದರೂ ಗೊತ್ತಿರಬೇಕು ಅಲ್ವಾ?

ಮನೆಯಲ್ಲಿ ನಿಮ್ಮಿಂದ ಆಗಬೇಕಾದ್ದು ತುಂಬಾ ಸುಲಭ. ಮಗು ಪ್ರೋಗ್ರಾಮ್ ಓಡದೆ ತಲೆ ಕೆರೆದುಕೊಳ್ಳುತ್ತಿದ್ದರೆ ಪಕ್ಕದಲ್ಲಿ ಕೂತು "ಏನ್ ಮಾಡಿದೆ, ಮೊದಲಿಂದ ಹೇಳು" ಅನ್ನಿ. ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಹೂಂ ಅಂದರೆ ಸಾಕು. ಅವರೆಕಾಯಿ ಸುಲಿಯುತ್ತಲೂ ಕೇಳಬಹುದು. ನುರಿತ ಪ್ರೋಗ್ರಾಮರ್‌ಗಳು ಮೇಜಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಸಾಲು ಸಾಲಾಗಿ ವಿವರಿಸುವ ರೂಢಿಯಿದೆ. ಹೇಳುತ್ತಾ ಹೇಳುತ್ತಾ ತಪ್ಪು ತಮಗೇ ಹೊಳೆಯುತ್ತದೆ. ನೀವು ಬಾತುಕೋಳಿಗಿಂತ ಎಷ್ಟೋ ಮೇಲು.

ಹೊರಗಿನವರನ್ನು ಕೇಳುವಾಗ ಮಗು ತನ್ನ ಪೂರ್ತಿ ಹೆಸರು, ಫೋನ್ ನಂಬರ್, ಶಾಲೆಯ ಹೆಸರು, ಪಾಸ್‌ವರ್ಡ್ ಯಾವುದನ್ನೂ ಬರೆಯದಂತೆ ನೋಡಿಕೊಳ್ಳಿ. ಯಾರಾದರೂ "ಪರ್ಸನಲ್ ಆಗಿ ಮಾತಾಡೋಣ, ನಂಬರ್ ಕೊಡು" ಅಂದರೆ ಅಲ್ಲಿಗೆ ನಿಲ್ಲಿಸಿ ನಮಗೆ ತಿಳಿಸಿ. ಉತ್ತರ ತಕ್ಷಣ ಬರಲಿಲ್ಲ ಅಂತ ಅದೇ ಪ್ರಶ್ನೆಯನ್ನು ಹತ್ತು ಕಡೆ ಹಾಕುವುದೂ ಬೇಡ, ಆ ಕಡೆ ರಾತ್ರಿ ಇರಬಹುದು. ಸಮಸ್ಯೆ ಬಗೆಹರಿದರೆ ಹೇಗೆ ಬಗೆಹರಿಯಿತು ಅಂತ ಅಲ್ಲೇ ಒಂದು ಸಾಲು ಬರೆಯಬೇಕು. ಮುಂದೆ ಅದೇ ತೊಂದರೆಯಲ್ಲಿ ಹುಡುಕಿಕೊಂಡು ಬರುವವರಿಗೆ ಅದೇ ಉತ್ತರ.

ಬರುವ ಶನಿವಾರದಿಂದ ಬೆಳಗಿನ ಶಾಲೆ ಮುಗಿದ ಮೇಲೆ 12ರಿಂದ 1:30ರವರೆಗೆ ಲ್ಯಾಬ್ ತೆರೆದಿರುತ್ತದೆ. ಎಂಟರಿಂದ ಹತ್ತನೇ ತರಗತಿಯವರು ಯಾರು ಬೇಕಾದರೂ ಉಳಿಯಬಹುದು. ಅವತ್ತು ಬಿಸಿಯೂಟದ ಮೇಲೂ ಹಸಿವಾಗುತ್ತದೆ, ಒಂದು ಡಬ್ಬಿ ಜಾಸ್ತಿ ಕಳಿಸಿ. ಬಸ್ಸಿನಲ್ಲಿ ಬರುವ ಮಕ್ಕಳ ಪೋಷಕರು ವಾಪಸ್ ಹೋಗುವ ವ್ಯವಸ್ಥೆ ನೋಡಿಕೊಂಡು ಕೆಳಗಿನ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಬೇಕು. ಬಿಡುವಿದ್ದವರು ಬಂದು ಪ್ರಶ್ನೆ ಪುಸ್ತಕ ತಿರುವಿ ನೋಡಿ. ಎಂಟು ಎಸಳಿನ ರಂಗೋಲಿ ಮೂರನೇ ಯಂತ್ರದಲ್ಲಿದೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ