ಅಂಗನವಾಡಿಯನ್ನು ದಿನವಿಡೀ ತೆರೆದಿರುವ ಶಿಶುಪಾಲನಾ ಕೇಂದ್ರವಾಗಿ ಮಾಡುವ ಬಗ್ಗೆ ಮನವಿ

ಗೆ,
ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು,
ಗ್ರಾಮ ಪಂಚಾಯತ್,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವು ವಾರ್ಡಿನ ನಿವಾಸಿಗಳು. ವಿಷಯ ತಮಗೆ ಹೊಸದಲ್ಲ. ತಮ್ಮ ಹಿಂದಿನ ಆಡಳಿತ ಸಮಿತಿಗೂ ಗೊತ್ತಿತ್ತು, ಅದರ ಹಿಂದಿನವರಿಗೂ ಗೊತ್ತಿತ್ತು. ಗೊತ್ತಿದ್ದೂ ಏನೂ ಆಗಲಿಲ್ಲವೆಂಬುದೇ ನಮ್ಮ ದೂರು.

ಅಂಗನವಾಡಿ ಬೆಳಗ್ಗೆ 9.30ಕ್ಕೆ ತೆರೆದು 3.30ಕ್ಕೆ ಮುಚ್ಚುತ್ತದೆ. ರೈಲು ಹಿಡಿದು ಮಂಗಳೂರಿನ ಅಂಗಡಿ, ಆಸ್ಪತ್ರೆಗಳ ಕೆಲಸಕ್ಕೆ ಹೋಗುವ ಹೆಂಗಸರು ಏಳು ಗಂಟೆಗೆ ಮನೆ ಬಿಟ್ಟು ದೀಪ ಹಚ್ಚುವ ಹೊತ್ತಿಗೆ ಮರಳುತ್ತಾರೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋದವರು ಎರಡನೆಯ ಹೊತ್ತಿನ ಹಾಜರಿ ಫೋಟೋ ಆಗುವ ಮುಂಚೆ ಜಾಗ ಬಿಟ್ಟರೆ ಕೂಲಿಗೆ ಸಂಚಕಾರ. ಮೂರೂವರೆಗೆ ಮಗುವನ್ನು ಕರೆತರಲು ಯಾರು ಹೋಗಬೇಕು? ಮೂರು ವರ್ಷ ತುಂಬದ ಮಕ್ಕಳಿಗಂತೂ ಅಲ್ಲಿ ದಿನದ ಆಸರೆಯೇ ಇಲ್ಲ. ಅಮೃತಂ ನ್ಯೂಟ್ರಿಮಿಕ್ಸ್ ಎಂಬ ಪೌಷ್ಟಿಕ ಪುಡಿಯ ಪೊಟ್ಟಣ ಮನೆಗೆ ಕೊಟ್ಟು ಕೈತೊಳೆದುಕೊಂಡರೆ ಹಗಲಿಡೀ ಮಗುವನ್ನು ನೋಡಿಕೊಳ್ಳುವವರು ಯಾರು?

ನಂಬಿಕೆ ಬಾರದಿದ್ದರೆ ಯಾವುದಾದರೂ ಮನೆಯ ಜಗಲಿಗೆ ಬನ್ನಿ. ಮಡಿಲಲ್ಲಿ ಬೀಡಿಯ ಮೊರ, ಕಾಲಿನ ಹೆಬ್ಬೆರಳಿಗೆ ಸೀರೆಯ ತೊಟ್ಟಿಲಿನ ಹಗ್ಗ. ಕೈ ಎಲೆ ಸುತ್ತುತ್ತಿರುತ್ತದೆ, ಕಾಲು ತೂಗುತ್ತಿರುತ್ತದೆ. ತೊಟ್ಟಿಲಿನಿಂದಿಳಿದ ಮಗು ಹೊಗೆಸೊಪ್ಪಿನ ಪುಡಿಯ ಮೇಲೆಯೇ ಅಂಬೆಗಾಲಿಡುತ್ತದೆ. ತಾಯಿ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡಲು ಹೋಗುವ ದಿನ ಏಳನೆಯ ತರಗತಿಯ ಅಕ್ಕ ಶಾಲೆ ತಪ್ಪಿಸಿ ತಮ್ಮನನ್ನು ಎತ್ತಿಕೊಂಡಿರುತ್ತಾಳೆ. ಅಡಿಕೆ ಸುಲಿಯುವ ಕಾಲದಲ್ಲಿ ಇಂತಹ ಅಕ್ಕಂದಿರು ಇನ್ನೂ ಹೆಚ್ಚು. ಅವರ ಓದು ಹಾಳಾದದ್ದಕ್ಕೆ ಯಾರು ಹೊಣೆ?

ನಾವು ಇಲ್ಲದ್ದನ್ನು ಕೇಳುತ್ತಿಲ್ಲ. ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗಾಗಿ ಅಂಗನವಾಡಿಯಲ್ಲೇ ಕ್ರಷ್ (ಶಿಶುಪಾಲನಾ ಕೇಂದ್ರ) ನಡೆಸುವ ‘ಪಾಲನಾ’ ಯೋಜನೆ 2022ರಿಂದ ಕೇಂದ್ರ ಸರ್ಕಾರದ ಮಿಷನ್ ಶಕ್ತಿಯ ಅಡಿಯಲ್ಲಿದೆ. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ನೇಮಿಸಬೇಕೆಂದು 2005ರ ಉದ್ಯೋಗ ಖಾತರಿ ಕಾಯಿದೆಯೇ ಹೇಳಿತ್ತು. ನಮ್ಮ ವಾರ್ಡಿನಲ್ಲಿ ಹಾಗೆ ಒಬ್ಬರನ್ನೂ ನೇಮಿಸಿದ್ದನ್ನು ನಾವು ಕಂಡಿಲ್ಲ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಅಂಗನವಾಡಿ ನಡೆಸುವ ಹೊಣೆ ಗ್ರಾಮ ಪಂಚಾಯತಿನದ್ದು. ಆದ್ದರಿಂದ ಇದು ತಮ್ಮದೇ ಕೆಲಸ.

ಇನ್ನು ಹಿಂದಿನ ಕಥೆ. ಗ್ರಾಮಸಭೆಯಲ್ಲಿ ಕೇಳಿದೆವು, ಪುಸ್ತಕದಲ್ಲಿ ಬರೆದುಕೊಂಡರು. ಪಂಚಾಯತಿಗೆ ಬಂದರೆ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಕಚೇರಿಗೆ ಹೋಗಿ ಎಂದರು, ಅಲ್ಲಿ ಹೋದರೆ ಪಂಚಾಯತಿಗೆ ಹೋಗಿ ಎಂದರು. ಆಮೇಲೆ ಜಾಗವಿಲ್ಲ ಎಂಬ ನೆವ ಬಂತು. ವಾರ್ಡಿನ ಹಿರಿಯರೊಬ್ಬರು ರಸ್ತೆ ಬದಿಯ ಮೂರು ಸೆಂಟ್ಸ್ ಜಾಗವನ್ನು ದಾನಪತ್ರ ಮಾಡಿ ಕೊಟ್ಟರು. ಅಡಿಕೆ ಗಿಡ ಕಡಿದು ಕೊಟ್ಟ ಜಾಗ ಅದು. ಎಂಜಿನಿಯರ್ ಬಂದು ಅಳೆದರು, ಗೂಟ ಹುಗಿದರು. ಗೂಟ ಗೆದ್ದಲು ತಿಂದು ಬಿತ್ತು. ಎಸ್ಟಿಮೇಟ್ ಆಗಿದೆ ಎಂದರು, ಮುಂದಿನ ವರ್ಷ ಕೇಳಿದರೆ ಸ್ಪಿಲ್‌ಓವರಿನಲ್ಲಿದೆ (ಹಿಂದಿನ ವರ್ಷ ಮುಗಿಯದೆ ಉಳಿದ ಕೆಲಸಗಳಲ್ಲಿದೆ) ಎಂದರು. ಕಡತ ನೋಡುತ್ತಿದ್ದವರಿಗೆ ವರ್ಗವಾಯಿತು, ಹೊಸಬರು ಹೊಸ ಅರ್ಜಿ ಕೇಳಿದರು. ದೂರು ಪರಿಹಾರದ ಅದಾಲತ್ತಿನಲ್ಲಿ ಟೋಕನ್ ಹಿಡಿದು ಸಂಜೆಯವರೆಗೆ ಕಾದೆವು. ‘ಸೂಕ್ತ ಕ್ರಮಕ್ಕಾಗಿ ಪಂಚಾಯತಿಗೆ ರವಾನಿಸಲಾಗಿದೆ’ ಎಂಬ ಕಾಗದ ಬಂತು. ಹೊರಟಲ್ಲಿಗೇ ಮರಳಿ ಬಂದೆವು. ಆ ಕಾಗದವೂ ಮಲಯಾಳದಲ್ಲಿತ್ತು. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಕನ್ನಡ ಅರ್ಜಿಗೆ ಕನ್ನಡದಲ್ಲೇ ಉತ್ತರ ಕೊಡಬೇಕೆಂಬುದು 1969ರ ರಾಜ್ಯದ ಅಧಿಕೃತ ಭಾಷಾ ಕಾಯಿದೆಯಲ್ಲೇ ಇದೆ. ಕೇರಳಕ್ಕೆ ಸೇರಿದ 1956ರಿಂದ ಇಂತಹ ಸಣ್ಣ ಹಕ್ಕಿಗೂ ಈ ಗಡಿಯ ಜನ ಬಾಗಿಲು ತಟ್ಟುತ್ತಲೇ ಇರಬೇಕೇ?

ಭಾಷೆಯ ತೊಡಕು ಮಕ್ಕಳನ್ನೂ ಬಿಟ್ಟಿಲ್ಲ. ಮನೆಯಲ್ಲಿ ತುಳು, ಕನ್ನಡ ಆಡುವ ಮಗು ಹೊಟ್ಟೆನೋವೆಂದು ಅತ್ತರೆ ಈಗಿನ ಸಹಾಯಕಿಗೆ ತಿಳಿಯುವುದಿಲ್ಲ. ಅವರ ಮೇಲೆ ನಮಗೆ ಸಿಟ್ಟಿಲ್ಲ, ಭಾಷೆ ತಿಳಿಯದವರನ್ನು ಇಲ್ಲಿಗೆ ಹಾಕಿದವರ ಮೇಲೆ ಸಿಟ್ಟಿದೆ. ಬಾಡಿಗೆ ಕೋಣೆಯ ಶೀಟು ಮಾರ್ಚ್‌ನಲ್ಲಿ ಕಾದು ಮಕ್ಕಳು ಬೆವರಿ ಅಳುತ್ತಾರೆ, ಜೂನ್‌ನಲ್ಲಿ ಸೋರುತ್ತದೆ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ದಾರಿಯ ತೋಡು ದಾಟಲು ಇಂದಿಗೂ ಅಡಿಕೆ ಮರದ ಸಂಕವೇ (ಕಾಲುಸೇತುವೆಯೇ) ಗತಿ. ಮಳೆಗಾಲದಲ್ಲಿ ಆಚೆ ಬದಿಯ ಮನೆಗಳ ಮಕ್ಕಳು ಅಂಗನವಾಡಿಯ ಮುಖ ನೋಡುವುದಿಲ್ಲ. ದಾರಿದೀಪ ಕೆಟ್ಟು ಎಷ್ಟು ಕಾಲವಾಯಿತೆಂದು ತಮ್ಮ ಕಚೇರಿಯ ದೂರು ಪುಸ್ತಕವೇ ಹೇಳುತ್ತದೆ. ಬೀದಿನಾಯಿಗಳ ಕಾಟ ಬೇರೆ. ಮನೆ ತೆರಿಗೆ ಒಂದು ದಿನ ತಡವಾದರೆ ನೋಟಿಸು ಬರುತ್ತದೆ, ಮನೆಮನೆಯ ಕಸ ಒಯ್ಯುವ ಹರಿತಕರ್ಮ ಸೇನೆಗೆ ಹಣ ಕೊಡದಿದ್ದರೆ ಪ್ರಶ್ನೆ ಬರುತ್ತದೆ. ಆ ಸೇನೆಯ ಹೆಂಗಸರಿಗೂ ಮಕ್ಕಳಿದ್ದಾರೆ, ಅವರನ್ನು ಎಲ್ಲಿ ಬಿಟ್ಟು ಬರುತ್ತಾರೆಂದು ಪಂಚಾಯತ್ ಕೇಳಿದೆಯೇ?

ಆದಕಾರಣ, ದಾನವಾಗಿ ಬಂದ ಜಾಗದಲ್ಲಿ ಈ ವರ್ಷದ ಯೋಜನೆಯಲ್ಲೇ ಕಟ್ಟಡ ಆರಂಭಿಸಬೇಕು. ಕಟ್ಟಡ ಮುಗಿಯಲೆಂದು ಕಾಯದೆ ಈಗಿನ ಕೇಂದ್ರವನ್ನೇ ಬೆಳಗ್ಗೆ 8ರಿಂದ ಸಂಜೆ 6ರವರೆಗೆ ನಡೆಯುವ ಅಂಗನವಾಡಿ ಮತ್ತು ಕ್ರಷ್ ಆಗಿ ಮಾಡಲು ಐಸಿಡಿಎಸ್‌ಗೆ ಬರೆಯಬೇಕು. ಮೂರು ವರ್ಷದೊಳಗಿನ ಮಕ್ಕಳನ್ನೂ ಸೇರಿಸಿಕೊಳ್ಳಬೇಕು, ಕನ್ನಡ ಬಲ್ಲವರನ್ನು ನೇಮಿಸಬೇಕು. ಮಳೆ ಹಿಡಿಯುವ ಮುಂಚೆ ತೋಡಿಗೆ ಕಾಂಕ್ರೀಟ್ ಸಂಕ ಆಗಬೇಕು. ‘ಪರಿಶೀಲಿಸಲಾಗುವುದು’ ಎಂಬ ಉತ್ತರ ನಮಗೆ ಬೇಡ. ಯಾವ ಕೆಲಸ, ಯಾವ ತಾರೀಕಿನೊಳಗೆ, ಯಾರ ಹೊಣೆ ಎಂದು ಲಿಖಿತವಾಗಿ, ಕನ್ನಡದಲ್ಲಿ ತಿಳಿಸಬೇಕು. ಮೂವತ್ತು ದಿನಗಳೊಳಗೆ ಉತ್ತರ ಬಾರದಿದ್ದರೆ ಮುಂದಿನ ಆಡಳಿತ ಸಮಿತಿ ಸಭೆಯ ದಿನ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ಪಂಚಾಯತ್ ಕಚೇರಿಯ ವರಾಂಡದಲ್ಲೇ ಕುಳಿತುಕೊಳ್ಳುತ್ತಾರೆ.

ಇತಿ,
ವಾರ್ಡಿನ ನಿವಾಸಿಗಳು
(ಸಹಿಗಳನ್ನೂ ದಾನಪತ್ರದ ನಕಲನ್ನೂ ಲಗತ್ತಿಸಲಾಗಿದೆ)

ಪ್ರತಿ: ಜಿಲ್ಲಾಧಿಕಾರಿಗಳು, ಕಾಸರಗೋಡು